ಮಂಜಿನಲ್ಲಿ ದಾರಿ ಬಿಟ್ಟವರು

ಗಾಡಿಗಳು ಒಂದಕ್ಕೊಂದು ಮಾತಾಡಿಕೊಂಡರೆ ರಸ್ತೆಯಲ್ಲಿ ಗದ್ದಲವೇ ಇರುವುದಿಲ್ಲ ಎಂಬ ಮಹಾಸತ್ಯ ನನಗೆ ಹೊಳೆದಾಗ, ಮೊಬೈಲು ಇನ್ನೂ ದೊಡ್ಡವರ ಜೇಬಿನಲ್ಲಷ್ಟೇ ಇತ್ತು. ನಾನು ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜೊಂದರ ಮಾಸ್ತರ. ಒಂದು ಗಾಡಿ 'ನಾನು ಸಾಲು ಬದಲಿಸುತ್ತೇನೆ' ಎನ್ನಬೇಕು, ಇನ್ನೊಂದು ತುಸು ನಿಧಾನಿಸಿ ಜಾಗ ಬಿಡಬೇಕು. ಅಷ್ಟೇ! ಪ್ರಿನ್ಸಿಪಾಲರು ಮೆಚ್ಚಿದರೆ ನನಗೊಂದು ಪ್ರಯೋಗಾಲಯ. ಮೆಚ್ಚದಿದ್ದರೆ ನಿವೃತ್ತಿಯವರೆಗೂ ಮೊದಲ ವರ್ಷದವರಿಗೆ ಡ್ರಾಯಿಂಗ್.

ಮದುವೆಗೆ ಮೈಕು ಬಾಡಿಗೆ ಕೊಡುವ ಅಂಗಡಿಯಿಂದ ಎರಡು ವಾಕಿಟಾಕಿ ತಂದೆ. ಒಂದನ್ನು ಪ್ರಿನ್ಸಿಪಾಲರ ನೀಲಿ ಕಾರಿಗೆ ಕೊಟ್ಟೆ, ಇನ್ನೊಂದು ನನ್ನ ಕಾರಿಗೆ. ಡಿಸೆಂಬರಿನ ಒಂದು ಬೆಳಿಗ್ಗೆ ಧಾರವಾಡದ ಕಡೆ ಹೊರಟೆವು. ಅವರು ಮುಂದೆ, ನಾನು ಹಿಂದೆ. ನನ್ನ ಪಕ್ಕದಲ್ಲಿ ಸಾಕ್ಷಿಯಾಗಿ ಹೆಂಡತಿ ಸುಮಂಗಲಾ.

ರಾಯಾಪುರ ದಾಟುತ್ತಲೇ ಮಂಜು ಕವಿಯಿತು. ನೀಲಿ ಕಾರು ಕರಗಿಹೋಯಿತು. ನಾನು ವಾಕಿಟಾಕಿ ಎತ್ತಿ ಗಂಭೀರವಾಗಿ ಕೇಳಿದೆ, "ನಾ ಬಲಕ್ಕ ಬರಲ್ರಿ?"

ಸ್ವಲ್ಪ ಹೊತ್ತು ಬರೀ ಗರಗರ. ಆಮೇಲೆ ತಣ್ಣಗಿನ, ಒಡಕು ದನಿ ಬಂತು: "ಬರ್ರಿ. ಜಾಗಾ ಮಾಡೇವಿ."

ನಿಜಕ್ಕೂ ಜಾಗವಿತ್ತು! ಮಂಜಿನಲ್ಲಿ ಎರಡು ಬೆಳಕು ಮೆಲ್ಲಗೆ ಹಿಂದೆ ಸರಿದವು. ಈ ರಸ್ತೆಯಲ್ಲಿ ನನಗೆ ಯಾರಾದರೂ ದಾರಿ ಬಿಟ್ಟದ್ದು ಅದೇ ಮೊದಲು.

"ಪ್ರಿನ್ಸಿಪಾಲರ ದನಿ ಹಿಂಗ ಇಲ್ಲಲ್ರಿ?" ಎಂದಳು ಸುಮಂಗಲಾ.

"ನೆಗಡಿ ಆಗಿರಬೇಕು."

"ಮುಂದಿನ ಗಾಡಿ ಬೆಳ್ಳಗದ. ಅವರದು ನೀಲಿ."

"ಮಂಜಿನ್ಯಾಗ ಎಲ್ಲಾ ಬೆಳ್ಳಗ ಕಾಣತದ."

ಅವಳು ಕಿಟಕಿ ತುಸು ಇಳಿಸಿ ಮೆಲ್ಲಗೆ ಹೇಳಿದಳು, "ಯಾರೂ ಹಾರ್ನ್ ಹೊಡೆಯಾಕತ್ತಿಲ್ಲ."

ನಾನೂ ಕಿವಿಗೊಟ್ಟೆ. ಮುಂದೆ, ಹಿಂದೆ, ಸಾಲುಸಾಲು ಗಾಡಿಗಳು. ಒಂದು ಹಾರ್ನಿಲ್ಲ, ಒಂದು ಬೈಗುಳವಿಲ್ಲ! ಪಕ್ಕದ ಜೀಪಿನ ಕಿಟಕಿಯಲ್ಲಿ ಐದಾರು ಮುಖಗಳು. ಎಲ್ಲವೂ ತಲೆ ಬಗ್ಗಿಸಿದ್ದವು.

"ಲಗೂ ಹೋಗೋಣ್ರಿ?" ಎಂದು ವಾಕಿಟಾಕಿಯಲ್ಲಿ ಕೇಳಿದೆ.

"ಇನ್ನ ಅವಸರ ಮಾಡಿ ಏನ್ ಮಾಡೂದೈತ್ರಿ?" ಎಂದಿತು ಆ ದನಿ. "ಎಲ್ಲಾರೂ ಅಲ್ಲಿಗೇ ಹೋಗೂದು."

ಅಷ್ಟರಲ್ಲಿ ಗಾಜಿನ ಮೇಲೆ ಏನೋ ಬಿಳಿಯದು ಉದುರಿತು.

"ಚುರಮುರಿ," ಎಂದೆ, ಧೈರ್ಯ ತಂದುಕೊಂಡು. "ಯಾರೋ ನಾಷ್ಟಾ ಮಾಡಾಕತ್ತಾರ."

ಅದರ ಹಿಂದೆಯೇ ಚೆಂಡುಹೂವು ಬಂತು. ಸುಮಂಗಲಾ ತಲೆಯ ಮೇಲೆ ಸೆರಗೆಳೆದುಕೊಂಡಳು.

ಸತ್ತೂರಿನ ಹತ್ತಿರ ದನಿ "ಎಡಕ್ಕ" ಎಂದಿತು. ಎಡಕ್ಕೆ ತಿರುಗಿದೆ. ಮುಳ್ಳುಕಂಟಿಗಳ ನಡುವಿನ ಮಣ್ಣುದಾರಿ. "ನಿಲ್ಲಸ್ರಿ" ಎಂದಿತು. ನಿಲ್ಲಿಸಿದೆ. ಮಂಜು ತುಸು ಸರಿದಾಗ ಎದುರಿಗೆ ಕಂಡದ್ದು ಸ್ಮಶಾನದ ಕಮಾನು!

ಬಿಳಿಯ ಶವವಾಹನದಿಂದ ಚಾಲಕ ಇಳಿದ. ಅವನ ಕೈಯಲ್ಲೂ ಅದೇ ಅಂಗಡಿಯ ವಾಕಿಟಾಕಿ, ಮಂಜಿನಲ್ಲಿ ಗಾಡಿಗಳು ಚದುರದಿರಲೆಂದು ತಂದದ್ದು! ಪ್ರಿನ್ಸಿಪಾಲರು ಬ್ಯಾಟರಿ ಉಳಿಸಲೆಂದು ತಮ್ಮದನ್ನು ಆರಿಸಿಟ್ಟು ಧಾರವಾಡ ಸೇರಿದ್ದರಂತೆ.

ಸತ್ಯ ಹೇಳಲು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಒಬ್ಬ ಮುದುಕಿ ಸುಮಂಗಲಾಳ ಕೈ ಹಿಡಿದು, "ಅಷ್ಟು ದೂರದಿಂದ ಬಂದೀರಲ್ಲ ಯವ್ವಾ, ನಮ್ಮ ಯಜಮಾನರು ನಿಮಗ ಭಾಳ ಬೇಕಾಗಿದ್ರೇನು?" ಎಂದು ಅತ್ತಳು. ಸುಮಂಗಲಾಳೂ ಅತ್ತಳು. ನಾನು ಹೇಗೆ ಹೇಳಲಿ? ಹೆಗಲು ಕೊಟ್ಟೆ.

ಮರಳುವಾಗ ಚಾಲಕ ನನ್ನ ಬೆನ್ನು ತಟ್ಟಿದ. "ಹೇಳಿದಂಗ ಕೇಳೂ ಡ್ರೈವರ್ ನಿಮ್ಮಂಥಾವ್ರನ್ನ ನಾ ನೋಡಿಲ್ರಿ, ಖರೇ!"

ಮರುದಿನ ಪ್ರಿನ್ಸಿಪಾಲರು ವರದಿ ಕೇಳಿದರು. ಸುಳ್ಳು ಬರೆಯುವುದು ನನ್ನ ಜಾಯಮಾನವಲ್ಲ. ಒಂದೇ ಸಾಲು ಬರೆದುಕೊಟ್ಟೆ: 'ಪ್ರಯೋಗ ಸಂಪೂರ್ಣ ಯಶಸ್ವಿಯಾಗಿದೆ, ಸಹಕರಿಸಿದ ವಾಹನಗಳು ಮಾತ್ರ ನಮ್ಮವಲ್ಲ.'

ಈಗಲೂ ಮೊದಲ ವರ್ಷದವರಿಗೆ ಡ್ರಾಯಿಂಗ್ ಕಲಿಸುತ್ತಿದ್ದೇನೆ.