ಚಿಟ್ಟೆ ಇಟ್ಟ ಹೆಸರು

ನನ್ನ ಹೆಸರು ಆನಂದಕುಮಾರ್. ಹಿಂದೂಪುರದ ನಮ್ಮ ಮಗ್ಗದವರ ಬೀದಿಯಲ್ಲಿ ನಿಂತು "ಆನಂದಾ" ಎಂದು ಕೂಗಿ ನೋಡಿ, ಮನೆಗೊಂದು ತಲೆ ಹೊರಗೆ ಬರುತ್ತದೆ. ಈ ದುರ್ಗತಿ ನನ್ನ ಮಗನಿಗೆ ಬರಬಾರದೆಂದು ಘೋರ ಪ್ರತಿಜ್ಞೆ ಮಾಡಿದ್ದೆ. ಯಾರಿಗೂ ಇಲ್ಲದ ಹೆಸರು ಎಲ್ಲಿ ಸಿಗುತ್ತದೆ? ಚಿಟ್ಟೆಗಳಲ್ಲಿ. (ನಗಬೇಡಿ.) ಫೋಟೋ ತೆಗೆದರೆ ಚಿಟ್ಟೆಯ ವೈಜ್ಞಾನಿಕ ಹೆಸರು ಹೇಳುವ ಆಪ್ ಒಂದು ಫೋನಿಗೆ ಬಂದಾಗಿನಿಂದ ಸೀರೆ ಅಂಗಡಿ ಬಿಟ್ಟು ಬೇಲಿಬೇಲಿ ಅಲೆಯುತ್ತಿದ್ದೆ. ಪ್ರತಿಯೊಂದು ಹೆಸರೂ ನನಗೊಂದು ವಿಸ್ಮಯ.

ನಾಮಕರಣಕ್ಕೆ ಕಲ್ಯಾಣದುರ್ಗದ ಅತ್ತೆಮನೆಗೆ ಹೋದವನೇ, ಬಾಣಂತಿ ಹೆಂಡತಿ ಶೋಭಾರಾಣಿಯ ಮುಂದೆ ಭಂಡಾರ ಬಿಚ್ಚಿದೆ.

"ಜುನೋನಿಯಾ, ಪ್ಯಾಪಿಲಿಯೋ, ಕ್ಯಾಟೊಪ್ಸಿಲಿಯಾ. ಯಾವ್ದು ಇಡಾನ?"

"ಊಟಕ್ಕೆ ಮುಂಚೇನಾ, ಆದ್ಮೇಲಾ?" ಎಂದಳು. "ಎಲ್ಲಾ ಮಾತ್ರೆ ಹೆಸ್ರು ಇದ್ದಂಗವೆ ಕಣ್ರೀ."

ಅತ್ತೆ ಗಂಗಾದೇವಿಯವರದು ಒಂದೇ ಹಟ. ತೀರಿಹೋದ ಮಾವ ತಿರುಮಲಪ್ಪನವರ ಹೆಸರೇ ಆಗಬೇಕು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಅವರು ಗೋಡೆಯ ಫೋಟೋ ತೋರಿಸಿ, "ಅಗೋ, ಅವ್ರ ಹೆಸ್ರು ಇಡ್ರಪ್ಪ, ಸಾಕು" ಎಂದು ಕಣ್ಣೊರೆಸಿಕೊಂಡರು. ನನಗೂ ಕರುಳು ಚುರುಕ್ಕೆಂದಿತು. ಆದರೂ ವಿಜ್ಞಾನ ಬಿಡಲಾದೀತೆ?

"ನೀವೂ ಬ್ಯಾಡ, ನಾನೂ ಬ್ಯಾಡ ಅತ್ತೆ. ತೊಟ್ಲು ಹತ್ರ ಮೊದ್ಲು ಬರೋ ಚಿಟ್ಟೆ ಹೆಸ್ರೇ ಇಡಾನ." ಯಾವ ಚಿಟ್ಟೆಗೂ ನಮ್ಮ ಮಾವನವರ ಹೆಸರಿರದು ಎಂಬ ಧೈರ್ಯ ನನ್ನದು.

"ಸರೇ. ಎಲ್ರ ಮುಂದೆ ಹೇಳಿದೀರಿ ಅಳಿಯಂದ್ರೇ, ಮಾತು ತಪ್ಪಬಾರ್ದು."

ಅಂಗಳದಲ್ಲಿ ತೊಟ್ಟಿಲು ಕಟ್ಟಿದರು. ಅದರ ಹೂಮಾಲೆಗೆ ಕಪ್ಪು ಮೈಮೇಲೆ ತಿಳಿನೀಲಿ ಚುಕ್ಕೆಗಳ ಚಿಟ್ಟೆಯೊಂದು ಬಂದು ಕೂತಿತು. ಉಸಿರು ಬಿಗಿಹಿಡಿದು ಫೋಟೋ ತೆಗೆದೆ. ಬಂಧುಬಳಗವೆಲ್ಲ ಫೋನಿಗೆ ಬಗ್ಗಿತು. ನಾನು ಗಟ್ಟಿಯಾಗಿ ಓದಿದೆ.

"ತಿರು... ತಿರುಮಲ ಲಿಮ್ನಿಯಾಸೆ."

"ಅಪ್ಪನೇ ಬಂದ್ಬುಟ್ರು ಕಣಮ್ಮ" ಎಂದು ಶೋಭಾ ಅಳತೊಡಗಿದಳು. ಅತ್ತೆ ಫೋಟೋಗೆ ಕೈಮುಗಿದು, ನನ್ನ ಮೇಲೂ ಕರುಣೆ ತೋರಿದರು. "ಬೇಜಾರಾಗ್ಬ್ಯಾಡಿ ಅಳಿಯಂದ್ರೇ. ಮಿಕ್ಕಿದ್ದನ್ನ ಇನಿಷಿಯಲ್ ಮಾಡ್ಕಳಿ."

ಈಗ ಹಿಂದೂಪುರದಲ್ಲಿ ತಿರುಮಲ ಅಂಬೆಗಾಲಿಡುತ್ತಾನೆ. ಹಿರಿಯರ ಹೆಸರಿನವನನ್ನು ಬೈಯಬಾರದೆಂಬುದು ಹೆಂಡತಿಯ ಶಾಸನ. ಅವನು ಹಾಲಿನ ಪಾತ್ರೆ ಉರುಳಿಸಿದರೆ, "ಕಣ್ಣು ಕಾಣಾಕಿಲ್ವೇನ್ರೀ ನಿಮ್ಗೆ?" ಎಂದು ನನಗೆ ಬೀಳುತ್ತದೆ. ನಾನು ಬಗ್ಗಿ ನೆಲ ಒರೆಸುತ್ತೇನೆ. ಮಾವನವರು ನನ್ನ ಬೆನ್ನೇರಿ ಕೂರುತ್ತಾರೆ.