ಕೆಂಪು ದೀಪಕ್ಕೆ ಪ್ಲಾಸ್ಟರ್

ರೌಟರನ್ನು ಮುಟ್ಟಬೇಡಿ ಎಂದು ನನ್ನ ಹೆಂಡತಿ ಹೇಳಿಯೇ ಹೋಗಿದ್ದಳು. ಹೇಳದೆ ಹೋಗಿದ್ದರೆ ನಾನು ಅದರ ತಂಟೆಗೇ ಹೋಗುತ್ತಿರಲಿಲ್ಲ. ಇದನ್ನು ನೀವಾದರೂ ನಂಬಬೇಕು.

ಆಕೆ ನರ್ಸು. ಮೂರು ತಿಂಗಳ ಮಟ್ಟಿಗೆ ಬೇರೆ ಊರಿನ ಆಸ್ಪತ್ರೆಗೆ ಹಾಕಿದ್ದಾರೆ. ಹೊರಡುವ ಮುನ್ನ ಅಡುಗೆಮನೆಯ ಕಪಾಟಿನ ಮೇಲೆ ಒಂದು ಪುಟ್ಟ ಕ್ಯಾಮೆರಾ ಕೂರಿಸಿದಳು. (ಓಬೀರಾಯನ ಕಾಲದ್ದು. ಆದರೆ ಕೊಟ್ಟವರು ಅವಳ ಅಣ್ಣ, ಹಾಗಾಗಿ ನಾನು ಬಾಯಿ ಬಿಡುವಂತಿಲ್ಲ.) ಸಂಜೆ ಏಳಕ್ಕೆ ಅವಳಿಗೆ ವಾರ್ಡಿನಲ್ಲಿ ಬಿಡುವು. ಸರಿಯಾಗಿ ಆ ಹೊತ್ತಿಗೆ ಕ್ಯಾಮೆರಾದೊಳಗಿನಿಂದ ಅಶರೀರವಾಣಿ ಮೊಳಗುತ್ತಿತ್ತು: "ರೀ, ಗ್ಯಾಸ್ ಸಣ್ಣ ಮಾಡಿ!" "ರೀ, ಅದು ಕೈ ಒರೆಸೋ ಬಟ್ಟೆ ಅಲ್ಲ!" ಫೋನಿನಲ್ಲಿ ಮಾತ್ರ ನಾವಿಬ್ಬರೂ ಮೂಗರು. "ಊಟ ಆಯ್ತಾ?" "ಹೂಂ." "ಇಡ್ಲಾ?" "ಹೂಂ." ಅಲ್ಲಿಗೆ ಮುಗಿಯಿತು.

ಸೋಮವಾರ ಬೆಳಿಗ್ಗೆ, ರೌಟರಿಗೆ ಹೊಸ ಫರ್ಮ್‌ವೇರ್, ಅಂದರೆ ಒಳಗಿನ ತಂತ್ರಾಂಶ, ಬಂದಿದೆ, ಹಾಕಲೇ ಎಂದು ಲ್ಯಾಪ್‌ಟಾಪ್ ಕೇಳಿತು. (ಈ ಮನೆಯಲ್ಲಿ ನನ್ನ ಅಭಿಪ್ರಾಯ ಕೇಳಿದವರನ್ನು ಕಂಡು ಎಷ್ಟೋ ಕಾಲವಾಗಿತ್ತು.) ಘನಗಾಂಭೀರ್ಯದಿಂದ ‘ಹೌದು’ ಒತ್ತಿದೆ. ಐದೇ ನಿಮಿಷದಲ್ಲಿ ರೌಟರ್ ಮದುಮಗನಂತೆ ಬೆಳಗಿತು. ಕ್ಯಾಮೆರಾದ ಹಸಿರು ದೀಪ ಕೆಂಪಾಗಿ ಮಿಣುಕತೊಡಗಿತು.

ರೌಟರಿನವರಿಗೆ ಫೋನ್ ಮಾಡಿದರೆ ತಪ್ಪು ಕ್ಯಾಮೆರಾದ್ದು ಎಂದರು. ಕ್ಯಾಮೆರಾದವರಿಗೆ ಮಾಡಿದೆ. ಒಬ್ಬ ಹುಡುಗಿ ಎತ್ತಿದಳು.

"ಕ್ಯಾಮೆರಾಗೂ ಹೊಸ ಫರ್ಮ್‌ವೇರ್ ಹಾಕ್ಬೇಕು ಸರ್. ಮೊದಲು ಅದನ್ನ ನೆಟ್‌ಗೆ ಕನೆಕ್ಟ್ ಮಾಡಿ."

"ಕನೆಕ್ಟ್ ಆಗ್ತಿಲ್ಲ ಅಂತಾನೇ ಫೋನ್ ಮಾಡಿರೋದು ಕಣಮ್ಮ!"

"ಹೊಸ ಫರ್ಮ್‌ವೇರ್ ಹಾಕಿದ್ರೆ ಆಗತ್ತೆ ಸರ್."

ಹುಚ್ಚು ಬಿಟ್ಟ ಹೊರತು ಮದುವೆ ಆಗುವುದಿಲ್ಲ, ಮದುವೆ ಆದ ಹೊರತು ಹುಚ್ಚು ಬಿಡುವುದಿಲ್ಲ. "ಬೇರೇನಾದ್ರೂ ಸಹಾಯ ಬೇಕಾ ಸರ್?" ಎಂದಳು ಆಕೆ. ಆ ದಿನ ನನ್ನನ್ನು ಅಷ್ಟು ಅಕ್ಕರೆಯಿಂದ ವಿಚಾರಿಸಿದವಳು ಅವಳೊಬ್ಬಳೇ. ಫೋನ್ ಇಡಲು ಮನಸ್ಸೇ ಬರಲಿಲ್ಲ.

ಆ ಕೆಂಪು ದೀಪ ನೋಡಿದಾಗಲೆಲ್ಲ ‘ಮುಟ್ಟಬೇಡಿ’ ಎಂದದ್ದು ನೆನಪಾಗುತ್ತಿತ್ತು. ಹೆಂಡತಿಯ ಔಷಧಿ ಡಬ್ಬಿಯಿಂದ ಒಂದು ಪ್ಲಾಸ್ಟರ್ ತಂದು ದೀಪದ ಮೇಲೆ ಅಂಟಿಸಿಬಿಟ್ಟೆ.

ಸಂಜೆ ಏಳಾಯಿತು. ಅಶರೀರವಾಣಿ ಇಲ್ಲ. ಸ್ವಾತಂತ್ರ್ಯ! ಬೇಕೆಂದೇ ಆ ಬಟ್ಟೆಯಲ್ಲಿ ಕೈ ಒರೆಸಿದೆ. ಪಾತ್ರೆ ತಳ ಹಿಡಿದು ಸೀದುಹೋಯಿತು, ತೊಳೆಯದೆ ಅಟ್ಟಕ್ಕೆ ಏರಿಸಿದೆ. ಮಂಗಳವಾರವೂ ಕೈ ಒರೆಸಿ, ಕಪಾಟಿನ ಕಡೆ ನೋಡುತ್ತ ನಿಂತೆ. ಯಾರೂ ಬೈಯಲಿಲ್ಲ. ಫೋನಿನಲ್ಲಿ ಅದೇ ಎರಡು ‘ಹೂಂ’. ಕ್ಯಾಮೆರಾ ಏನಾಯಿತು ಎಂದು ಅವಳು ಕೇಳಲೇ ಇಲ್ಲ. ಅಂದರೆ ಅವಳು ಈಗ ನೋಡುವುದನ್ನೇ ಬಿಟ್ಟಿದ್ದಾಳೆ! ರೌಟರ್ ಮುಟ್ಟಿದ್ದಕ್ಕೆ ಬೈಸಿಕೊಳ್ಳುವ ಭಯ ಎಲ್ಲೋ ಹೋಯಿತು, ಈ ಸಂಕಟ ಮಾತ್ರ ಹೋಗಲಿಲ್ಲ.

ಬುಧವಾರ ಏಳಕ್ಕೆ ಸ್ಟೂಲ್ ಎಳೆದುಕೊಂಡು ಆ ಸತ್ತ ಕ್ಯಾಮೆರಾದ ಎದುರು ಕುಳಿತೆ.

"ನೋಡೇ, ನೀನಿಲ್ದೆ ಮನೆ ಬಿಕೋ ಅಂತಿದೆ. ಕಾಫಿ ಎರಡು ಲೋಟಕ್ಕೆ ಮಾಡ್ತೀನಿ, ಒಂದು ಚೆಲ್ತೀನಿ. ಫೋನಲ್ಲಿ ಇದನ್ನೆಲ್ಲ ಹೇಳೋಕೆ ನಂಗೆ ಬಾಯೇ ಬರಲ್ಲ. ಒಂದ್ಸಲ ಬೈಯೇ, ಸಾಕು."

ಮೂಗು ಸೋರಿತು. ಕೈಗೆ ಸಿಕ್ಕ ಬಟ್ಟೆಯಲ್ಲಿ ಒರೆಸಿಕೊಂಡೆ.

"ರೀ! ಅದು ಕೈ ಒರೆಸೋಕೇ ಅಲ್ಲ, ಇನ್ನು ಮೂಗು ಒರೆಸ್ತೀರಾ?"

ನಾನು ಸ್ಟೂಲಿನಿಂದ ಬೀಳುವುದೊಂದು ಬಾಕಿ. "ಇದು... ಇದು ಕೆಟ್ಟೋಗಿತ್ತಲ್ಲೇ!"

"ಸೋಮವಾರ ಸಂಜೇನೇ ಸರಿ ಮಾಡ್ದೆ. ರೌಟರ್ ಆ್ಯಪ್ ಇರೋದು ನನ್ನ ಫೋನಲ್ಲಿ. ಈ ಮುದಿ ಕ್ಯಾಮೆರಾಗೆ ಹಳೇ ಸೆಟ್ಟಿಂಗೇ ವಾಪಸ್ ಹಾಕ್ದೆ, ಹತ್ತಿಕೊಳ್ತು. ಹಸಿರು ದೀಪ ಕಾಣ್ಲಿಲ್ವಾ?"

ಪ್ಲಾಸ್ಟರಿನ ಅಂಚು ಎತ್ತಿ ನೋಡಿದೆ. ಹಸಿರು.

"ಮತ್ತೆ ಮೂರು ದಿನ ಯಾಕೇ ಸುಮ್ನಿದ್ದೆ?"

"ರೌಟರ್ ಮುಟ್ಟಿದ್ದು ನೀವಾಗೇ ಒಪ್ಕೊಳ್ತೀರೇನೋ ಅಂತ." ಆಮೇಲೆ ದನಿ ತಗ್ಗಿಸಿದಳು. "ಇಲ್ಲಿ ರೂಮಲ್ಲಿ ನಾನೂ ಒಬ್ಳೇ ರೀ."

ಪ್ಲಾಸ್ಟರ್ ಪೂರ್ತಿ ಕೀಳಲು ಕೈ ಹಾಕಿದೆ.

"ಅದನ್ನ ತೆಗೀಬೇಡಿ. ಅದಿದ್ರೇನೇ ನೀವು ಬಾಯಿ ಬಿಡೋದು. ತೆಗೀಬೇಕಾಗಿರೋದು ಅಟ್ಟದ ಮೇಲಿರೋ ಪಾತ್ರೆ. ಇಳಿಸಿ, ತಿಕ್ಕಿ, ನೋಡ್ತಿರ್ತೀನಿ."

ಎಂಟು ಗಂಟೆಯವರೆಗೆ ತಿಕ್ಕಿದೆ. ಅಷ್ಟು ಹೊತ್ತೂ ಅವಳು ಬೈಯುತ್ತಲೇ ಇದ್ದಳು.