ಜರ್ಮನಿಗೆ ಹೋದ ಶ್ರೀನಿವಾಸಪುರದ ನರ್ಸಮ್ಮ

ಕೆಲವರ ಹಿಂದೆ ನಾಯಿ ಬರುತ್ತದೆ, ಕೆಲವರ ಹಿಂದೆ ಸಾಲಗಾರರು ಬರುತ್ತಾರೆ. ನನ್ನ ಹಿಂದೆ ಬರುವುದು ಫಜೀತಿ. ಶ್ರೀನಿವಾಸಪುರದ ಪಕ್ಕದ ಹಳ್ಳಿಯಲ್ಲಿ ಹುಟ್ಟಿ, ಕೋಲಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು. ಈಗ ಜರ್ಮನಿಯ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಅದೇ ಕೆಲಸ. ಊರು ಬದಲಾಯಿತು, ಭಾಷೆ ಬದಲಾಯಿತು, ಚಪ್ಪಲಿ ಹೋಗಿ ಬೂಟು ಬಂತು. ಫಜೀತಿ ಮಾತ್ರ ವೀಸಾ ಇಲ್ಲದೆಯೇ ವಿಮಾನ ಹತ್ತಿ ಬಂದುಬಿಟ್ಟಿದೆ.

ಗಂಟಲಿನ ಕಾಯಿಲೆ

ಜರ್ಮನಿಗೆ ಹೋಗಬೇಕಾದರೆ ಮೊದಲು ಜರ್ಮನ್ ಕಲಿಯಬೇಕು. ಡ್ಯೂಟಿ ಮುಗಿಸಿ ಬಂದು ಮೊಬೈಲಿನಲ್ಲಿ ಕ್ಲಾಸಿಗೆ ಕೂರುತ್ತಿದ್ದೆ. ಆ ಭಾಷೆಯಲ್ಲಿ ಒಂದು ಅಕ್ಷರ ಇದೆ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡವರು ಕ್ಯಾಕರಿಸುವ ಹಾಗೆ ಅದನ್ನು ತಳದಿಂದ ಎಳೆದು ತರಬೇಕು. ನನ್ನ ಬಾಯಲ್ಲಿ ಅದು ಒಂದು ಸಲ 'ಕ' ಆಗುತ್ತಿತ್ತು, ಇನ್ನೊಂದು ಸಲ 'ಹ' ಆಗುತ್ತಿತ್ತು. ಕ್ಲಾಸಿನ ಮೇಡಂ ದಿನಾ "ಇನ್ನೊಂದ್ಸಲ, ಇನ್ನೊಂದ್ಸಲ" ಅನ್ನುತ್ತಿದ್ದರು. ಅದು ಬಾರದೆ ಬಾಯಿಪರೀಕ್ಷೆ ದಾಟುವ ಹಾಗಿಲ್ಲ, ಪರೀಕ್ಷೆ ದಾಟದೆ ವೀಸಾ ಇಲ್ಲ.

ಹಿತ್ತಲಲ್ಲಿ ನಿಂತು "ಆಖ್... ಬೂಖ್..." ಅಂತ ಅಭ್ಯಾಸ ಶುರು ಮಾಡಿದೆ. ನಮ್ಮಜ್ಜಿ ನಂಗಲಿ ಕಡೆಯವಳು, ಅವಳ ಮಾತಿನಲ್ಲಿ ಅರ್ಧ ತೆಲುಗು. ಮೊದಲ ದಿನ ಮೆಣಸಿನ ಕಷಾಯ ತಂದುಕೊಟ್ಟಳು. ಮಾರನೇ ದಿನ ಕಂಬಳಿ ಹೊದಿಸಿ ನೀಲಗಿರಿ ಹಬೆ ಕೊಟ್ಟಳು. ಅದರ ಮಾರನೇ ದಿನ ಉಪ್ಪು, ಒಣಮೆಣಸಿನಕಾಯಿ ಹಿಡಿದುಕೊಂಡು ಬಂದು, "ಅಯ್ಯೋ ನಾ ತಲ್ಲೀ, ಯಾರ ಕಣ್ಣು ಬಿತ್ತೋ" ಅಂತ ದೃಷ್ಟಿ ತೆಗೆಯಲು ನಿಂತಳು.

ಇದನ್ನೆಲ್ಲ ಕಾಂಪೌಂಡಿನಾಚೆಯಿಂದ ನೋಡುತ್ತಿದ್ದ ಪಕ್ಕದ ಮನೆ ಚಾಚಿ ಕರೆದರು. ಬಟ್ಟೆ ಹೊಲಿಯುವವರು, ಮನೆಮಾತು ದಖನಿ.

"ಏನಮ್ಮಾ, ಅಷ್ಟೊತ್ತಿಂದ ಒದ್ದಾಡ್ತಿದೀಯ? ಎಲ್ಲಿ, 'ಖಾಲಾ' ಅನ್ನು. 'ಖಬರ್' ಅನ್ನು. ನಾಲಿಗೆ ಬಿಟ್ಟಾಕು, ಗಂಟಲಿಗೆ ಕೆಲಸ ಕೊಡು."

ಸಂಜೆಯ ಹೊತ್ತು ಚಾಚಿಯ ಮಿಷನ್ ಪಕ್ಕ ಕೂತು ಖಾಲಾ, ಖಬರ್, ಖೈರಿಯತ್ ಅಂತ ಪಾಠ ಮಾಡಿಸಿಕೊಂಡೆ. ಪರೀಕ್ಷೆ ಮಾಡಿದ ಜರ್ಮನ್ ಮಹಾಶಯರು, "ಈ ಉಚ್ಚಾರಣೆ ಎಲ್ಲಿ ಕಲಿತಿರಿ?" ಅಂತ ಕೇಳಿ ಮೆಚ್ಚಿಕೊಂಡರು.

ಪಾಸಾದ ಸುದ್ದಿಯನ್ನು ಮೊದಲು ಚಾಚಿಗೇ ಹೇಳಿದೆ. ಅವರು ಕತ್ತರಿ ಕೆಳಗಿಟ್ಟು ದೊಡ್ಡ ನಿಟ್ಟುಸಿರು ಬಿಟ್ಟರು.

"ಅದಕ್ಕೇ ನೋಡು, ಇಷ್ಟು ವರ್ಷ ಆದ್ರೂ ನಾನು ಹೇಳಿದ್ದು ಒಂದೂ ನಮ್ಮೆಜಮಾನ್ರಿಗೆ ಅರ್ಥ ಆಗಿಲ್ಲ. ನಾನು ಮಾತಾಡ್ತಿದ್ದಿದ್ದು ಜರ್ಮನ್!"

ಹೊರಡೋ ದಿನದ ಬಿಪಿ

ಹೊರಡುವ ದಿನ ಬೆಳಿಗ್ಗೆ ಎದುರುಮನೆ ತಾತ ಅಂಗಿ ತೋಳು ಮಡಿಸಿಕೊಂಡು ಬಂದರು. "ನಾಳೆಯಿಂದ ನಮ್ ಬಿಪಿ ಯಾರಮ್ಮ ನೋಡೋರು? ಒಂದ್ಸಲ ನೋಡ್ಬಿಟ್ಟು ಹೋಗು."

ನೋಡಿದೆ. ಅದೇ ತಪ್ಪಾಯಿತು. ಅರ್ಧ ಗಂಟೆಯಲ್ಲಿ ನಮ್ಮ ಜಗಲಿಯಿಂದ ಹಾಲಿನ ಡೈರಿಯ ತನಕ ಸಾಲು. ಬಿಪಿ ಇದ್ದವರು ಬಂದರು, ಇಲ್ಲದವರು 'ಇದ್ರೆ ಗೊತ್ತಾಗ್ಲಿ' ಅಂತ ಬಂದರು. ಒಬ್ಬಾಕೆ, "ಎಡಗೈಲೂ ನೋಡಮ್ಮ, ಆ ಕಡೆದು ಬೇರೆ ಇರುತ್ತೆ" ಅಂದಳು. ಸಾಲಿನಲ್ಲಿ ಯಾರೋ ಮುಂದೆ ನುಗ್ಗಿ ಜಗಳವಾಗಿ, ಎಲ್ಲರ ಬಿಪಿಯೂ ನಾನು ನೋಡುವ ಹೊತ್ತಿಗೆ ಏರಿ ಕೂತಿತ್ತು.

ನಮ್ಮನ್ನು ಏರ್‌ಪೋರ್ಟಿಗೆ ಬಿಡಲು ಮುಳಬಾಗಿಲಿನಿಂದ ದೊಡ್ಡ ಗಾಡಿ ತಂದಿದ್ದ ಡ್ರೈವರ್ ಕೂಡ, "ಮೇಡಂ, ನಂದೂ ಒಂದು ನೋಡಿ" ಅಂತ ಕೂತ. ನೋಡಿದೆ. ಜಾಸ್ತಿ ಇತ್ತು. ಅವನ ಕಿವಿಯಲ್ಲಿ ಮೆಲ್ಲಗೆ ಹೇಳಿದೆ. ನಮ್ಮಜ್ಜಿಗೆ ಊಟಕ್ಕೆ ಕರೆದರೆ ಕೇಳಿಸುವುದಿಲ್ಲ, ಇದು ಕೇಳಿಸಿತು.

"ವದ್ದು ನಾಯನಾ," ಅಂದಳು, "ನೀನು ಗಾಡಿ ಓಡ್ಸೋದು ಬೇಡ. ಮನೆ ಮಂದಿಯೆಲ್ಲ ಹೋಗ್ತಿದೀವಿ."

"ಅಜ್ಜೀ, ಇದು ಗಾಡಿ ಓಡ್ಸಿ ಬಂದಿದ್ದಲ್ಲ. ನಿಮ್ಮೂರ ಲೈನಲ್ಲಿ ನಿಂತು ಬಂದಿದ್ದು!"

ಅಜ್ಜಿ ಜಗ್ಗಲಿಲ್ಲ. ಡ್ರೈವರನ್ನು ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಮಲಗಿಸಿದರು. ನಮ್ಮ ಸೋದರಮಾವ ಸ್ಟಿಯರಿಂಗ್ ಹಿಡಿದ. ಮಾವನಿಗೆ ಲೈಸೆನ್ಸ್ ಇತ್ತು, ಆದರೆ ಜೀವನದಲ್ಲಿ ಓಡಿಸಿದ್ದು ಟ್ರ್ಯಾಕ್ಟರ್ ಒಂದೇ. ಹಿಂದೆ ಟ್ರೇಲರ್ ಇದೆ ಅನ್ನುವ ನಂಬಿಕೆಯಲ್ಲೇ ಪ್ರತಿ ತಿರುವನ್ನೂ ಅಗಲಕ್ಕೆ ತೆಗೆದುಕೊಂಡ. ಹೈವೇಯಲ್ಲಿ ಲಾರಿಗಳನ್ನೇ ಹೆದರಿಸಿದ. ಕೋಲಾರ ದಾಟುವಾಗ ಅಮ್ಮ ಮನೆದೇವರಿಗೆ ಹರಕೆ ಹೊತ್ತಳು, ಹೊಸಕೋಟೆ ದಾಟುವಾಗ ಅಪ್ಪನೂ ಹೊತ್ತರು.

ಏರ್‌ಪೋರ್ಟಿನಲ್ಲಿ ಎಲ್ಲರೂ ಮನೆದೇವರ ಹೆಸರು ಹೇಳುತ್ತಾ ಇಳಿದರು. ಗೊರಕೆ ಹೊಡೆದು ಎದ್ದ ಡ್ರೈವರ್ ಮಾತ್ರ ಆಕಳಿಸುತ್ತಾ ಬಂದು, "ಈಗ ನೋಡಿ ಮೇಡಂ" ಅಂದ. ನೋಡಿದೆ. ನಾರ್ಮಲ್.

ಉಳಿದವರು ಯಾರೂ ತೋಳು ಮಡಿಸಲಿಲ್ಲ.

ಮುದ್ದೆ ಕೋಲು

ಅಮ್ಮ ನನ್ನ ಸೂಟ್‌ಕೇಸಿನಲ್ಲಿ ರಾಗಿಹಿಟ್ಟಿನ ಜೊತೆಗೆ, ಹಳೇ ಸೀರೆಯಲ್ಲಿ ಸುತ್ತಿ ಮುದ್ದೆ ಕೋಲೂ ಇಟ್ಟಿದ್ದು ನನಗೆ ಗೊತ್ತಾಗಿದ್ದು ಜರ್ಮನಿಯ ಏರ್‌ಪೋರ್ಟಿನಲ್ಲಿ, ಕಸ್ಟಮ್ಸ್ ಅಧಿಕಾರಿ ಅದನ್ನು ಗದೆಯ ಹಾಗೆ ಎತ್ತಿ ಹಿಡಿದಾಗ.

"ಇದೇನು?"

ತೊಂದರೆ ಏನೆಂದರೆ, ನಾನು ಕಲಿತದ್ದು ಆಸ್ಪತ್ರೆಯ ಜರ್ಮನ್. ಮೂತ್ರಪಿಂಡಕ್ಕೆ ಏನನ್ನುತ್ತಾರೆ ಗೊತ್ತು, ಸೌಟಿಗೆ ಏನನ್ನುತ್ತಾರೆ ಗೊತ್ತಿಲ್ಲ.

"ಇದರಿಂದ ಜೋರಾಗಿ ಹೊಡೆಯಬೇಕು," ಅಂದೆ.

"ಯಾರಿಗೆ?"

"ಈ ಪುಡಿಗೆ. ಬಿಸಿ ನೀರಲ್ಲಿ."

ಅವನು ಪುಡಿಯ ಪೊಟ್ಟಣ ನೋಡಿದ, ಕೋಲು ನೋಡಿದ, ದೊಡ್ಡ ಅಧಿಕಾರಿಯನ್ನು ಕರೆದ. ಮಾತು ಕೈಕೊಟ್ಟ ಮೇಲೆ ಮಾಡಿ ತೋರಿಸುವುದೇ ವಾಸಿ ಅಂತ, ಕೈಚೀಲವನ್ನು ಪಾತ್ರೆಯ ಹಾಗೆ ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಸೊಂಟ ಬಗ್ಗಿಸಿ, ಕೋಲಿನಿಂದ ಗಂಟಿಲ್ಲದ ಹಾಗೆ ತಿರುವಿ ತೋರಿಸಿದೆ. ಹಿಂದಿನ ಸಾಲಿನವರು ಫೋಟೋ ತೆಗೆದರು.

"ಆಮೇಲೆ?" ದೊಡ್ಡವನು ಕೇಳಿದ.

ಇದಕ್ಕೆ ನನ್ನ ಜರ್ಮನ್ ಚೆನ್ನಾಗಿ ಒದಗಿತು. "ಆಮೇಲೆ ಉಂಡೆ ಮಾಡಿ, ಅಗಿಯದೆ, ದ್ರವದ ಜೊತೆ ನುಂಗಬೇಕು. ಬೆಳಿಗ್ಗೆ ಒಂದು, ರಾತ್ರಿ ಒಂದು."

"ಅಂದರೆ ಇದು ಮಾತ್ರೆ?"

"ಇಷ್ಟು ದಪ್ಪ," ಅಂತ ಎರಡೂ ಕೈ ಸೇರಿಸಿ ಬೊಗಸೆ ಮಾಡಿ ತೋರಿಸಿದೆ.

ಅವನು ನನ್ನ ಬೊಗಸೆಯನ್ನೇ ನೋಡಿ, ಕೋಲನ್ನು ಮತ್ತೆ ಸೀರೆಯಲ್ಲಿ ಸುತ್ತಿ, ಸೂಟ್‌ಕೇಸ್ ಮುಚ್ಚಿದ.

"ಮಾತ್ರೆಯೇ ಇಷ್ಟು ದೊಡ್ಡದಾದರೆ, ನಿಮ್ಮ ಕಾಯಿಲೆ ಎಷ್ಟು ದೊಡ್ಡದಿರಬೇಕು! ಬೇಗ ಗುಣವಾಗಲಿ, ಹೋಗಿ."

ಅಮ್ಮ ಅಲ್ಲ, ಅಜ್ಜಿ ಅಲ್ಲ

ನಮ್ಮ ಕಡೆ ಹೆಂಗಸರನ್ನು ಮಾತಾಡಿಸುವಾಗ ಮಾತಿನ ಕೊನೆಗೆ 'ಅಮ್ಮಾ' ತಾನಾಗಿ ಬಂದುಬಿಡುತ್ತದೆ. ವಾರ್ಡಿನಲ್ಲಿ ಪಿತ್ತಕೋಶದ ಆಪರೇಷನ್ ಆದ ಒಬ್ಬರು ಮಲಗಿದ್ದರು. ಅರವತ್ತು ದಾಟಿದ್ದರೂ ತುಟಿಗೆ ಬಣ್ಣವಿಲ್ಲದೆ ಡಾಕ್ಟರನ್ನು ಒಳಗೆ ಬಿಡುತ್ತಿರಲಿಲ್ಲ. ನಾನು ಹೋಗಿ ಮರ್ಯಾದೆಯಿಂದ, "ನೋವು ಹೇಗಿದೆ, ಅಮ್ಮಾ?" ಅಂದೆ.

ಆಕೆ ದಡಕ್ಕನೆ ಎದ್ದು ಕೂತರು. ಹೊಲಿಗೆ ಹಾಕಿಸಿಕೊಂಡವರು ಹಾಗೆ ಏಳಬಾರದು. ಆಮೇಲೆ ತಿಳಿಯಿತು, ಜರ್ಮನ್‌ನಲ್ಲಿ 'ಓಮಾ' ಅಂದರೆ ಅಜ್ಜಿ. ಅವರ ಕಿವಿಗೆ ಬಿದ್ದದ್ದು ಅದು.

"ನಾನು ಅಜ್ಜಿ ಅಲ್ಲ!"

"ಅಯ್ಯೋ, ಅಜ್ಜಿ ಅಂದಿಲ್ಲ. ಅಮ್ಮಾ ಅಂದ್ರೆ ನಮ್ಮಲ್ಲಿ ತಾಯಿ."

"ತಾಯಿಯೂ ಅಲ್ಲ! ನನಗೆ ಮದುವೆಯೇ ಆಗಿಲ್ಲ!"

ದೂರು ಕೊಡುತ್ತಾರೇನೋ ಅಂತ ಹೆದರಿ, ಬಾಯಿಗೆ ಬಂದದ್ದು ಹೇಳಿದೆ. "ಹಾಗಾದ್ರೆ ಅಕ್ಕ. ಅಕ್ಕ ಅಂದ್ರೆ ಸ್ವಲ್ಪವೇ ಸ್ವಲ್ಪ ದೊಡ್ಡವಳು."

"ಎಷ್ಟು ಸ್ವಲ್ಪ?"

"ಬಹಳ ಸ್ವಲ್ಪ."

ಆಕೆಗೆ ಹಿಡಿಸಿಬಿಟ್ಟಿತು. ಅಂದಿನಿಂದ ಅಕ್ಕ ಅನ್ನದಿದ್ದರೆ ಯಾರು ಹೋದರೂ ತಿರುಗಿಯೇ ನೋಡುತ್ತಿರಲಿಲ್ಲ. ನರ್ಸುಗಳು, ಊಟ ತರುವವರು, ನೆಲ ಒರೆಸುವವರು ಎಲ್ಲರೂ ಅಕ್ಕ ಅನ್ನತೊಡಗಿದರು.

ವಾರದ ಕೊನೆಗೆ ರಜೆಯಿಂದ ವಾಪಸು ಬಂದ ದೊಡ್ಡ ಡಾಕ್ಟರು ಕಂಪ್ಯೂಟರ್ ಮುಂದೆ ಕೂತು ಸಿಡಿಮಿಡಿಗುಟ್ಟುತ್ತಿದ್ದರು. "ಶ್ರೀಮತಿ ಅಕ್ಕ ಅಂತ ಒಬ್ಬ ರೋಗಿ ಇದಾರಂತೆ, ಎಲ್ಲರೂ ಅವರ ವಿಷಯವೇ ಮಾತಾಡ್ತಿದ್ದೀರಿ. ಇದರಲ್ಲಿ ಆ ಹೆಸರೇ ಇಲ್ಲ! ಅವರನ್ನ ಅಡ್ಮಿಟ್ ಮಾಡ್ಕೊಂಡವರು ಯಾರು?"

ಜರ್ಮನಿ ಮೇಡಂ ಲೈನಲ್ಲಿದ್ದಾರೆ

ಮಾಲೂರಿನಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ. ಒಂದು ಸಲ ಆಸ್ಪತ್ರೆಯಲ್ಲಿ ಟೋಕನ್ ಸಿಗದೆ ನನಗೆ ಫೋನ್ ಹಚ್ಚಿ, ಕೌಂಟರಿನವಳ ಕೈಗೆ ಕೊಟ್ಟರು. ನಾನು, "ಸ್ವಲ್ಪ ನೋಡಮ್ಮ, ವಯಸ್ಸಾದವರು" ಅಂದೆ ಅಷ್ಟೆ. ಅವಳು ಪಾಪ, ಒಳಗೆ ಕಳಿಸಿದಳು. ಅದು ಜರ್ಮನಿಯ ಮಹಿಮೆ ಅಂತ ಚಿಕ್ಕಪ್ಪ ತೀರ್ಮಾನಿಸಿದರು.

ಆಮೇಲೆ ಶುರುವಾಯಿತು ನೋಡಿ. ಗ್ಯಾಸ್ ಸಿಲಿಂಡರ್ ಬರಲಿಲ್ಲ, ನನಗೆ ಫೋನು. ಕರೆಂಟು ಹೋಯಿತು, ಲೈನ್‌ಮನ್ ಕೈಗೆ ಫೋನು. "ಜರ್ಮನಿ ಮೇಡಂ ಲೈನಲ್ಲಿದ್ದಾರೆ, ಮಾತಾಡಿ." ಲೈನ್‌ಮನ್ನಿಗೆ ನಾನೇನು ಹೇಳಲಿ? "ಹುಷಾರಾಗಿ ಕಂಬ ಹತ್ತಪ್ಪ" ಅಂದೆ.

ಒಂದು ದಿನ ರೋಗಿಯ ಬ್ಯಾಂಡೇಜ್ ಬದಲಾಯಿಸಿ ಕೈ ತೊಳೆಯುತ್ತಿದ್ದೆ, ಫೋನ್ ಬಂತು. ಹಿಂದೆ ಬಸ್ಸಿನ ಸದ್ದು. ಚಿಕ್ಕಪ್ಪ ಯಾರಿಗೋ, "ತಡಿಯಪ್ಪ ಒಂದ್ ನಿಮಿಷ, ಜರ್ಮನಿ ಮೇಡಂ ಹತ್ರ ಮಾತಾಡು" ಅನ್ನುವುದು ಕೇಳಿಸಿತು. ಬಸ್ಸು ಹೊರಡುತ್ತಿದೆ, ಚಿಕ್ಕಮ್ಮ ಇನ್ನೂ ಅಂಗಡಿಯಲ್ಲಿ ಸೀರೆ ನೋಡುತ್ತಿದ್ದಾಳೆ, ಬಸ್ಸನ್ನು ನಾನು ನಿಲ್ಲಿಸಬೇಕು.

ಕಂಡಕ್ಟರ್ ಫೋನ್ ತೆಗೆದುಕೊಂಡ. ದನಿ ಬಹಳ ಶಾಂತವಾಗಿತ್ತು.

"ಮೇಡಂ, ನೀವು ಜರ್ಮನಿ ಆದ್ರೂ ಸರಿ, ಜಪಾನ್ ಆದ್ರೂ ಸರಿ. ನಿಮ್ ಚಿಕ್ಕಪ್ಪ ಒಂದು ಕಾಲು ಫುಟ್‌ಬೋರ್ಡಲ್ಲಿ, ಒಂದು ಕಾಲು ರೋಡಲ್ಲಿ ಇಟ್ಕೊಂಡು ನಿಂತಿದಾರೆ, ಎರಡೂ ಒಂದ್ಕಡೆ ಇಡಿ ಅಂತ ಹೇಳಿ. ಒಳಗಾದ್ರೂ ಸರಿ, ಹೊರಗಾದ್ರೂ ಸರಿ."

ತಾತನ ತಲೆ ಸ್ಕ್ಯಾನು

ಸೊಂಟದ ಮೂಳೆ ಮುರಿದು ಆಪರೇಷನ್ ಆದ ಒಬ್ಬ ತಾತ ನಮ್ಮ ವಾರ್ಡಿಗೆ ಬಂದರು. ರೈಲು ಓಡಿಸಿ ರಿಟೈರ್ ಆದವರು. ಯಾರ ಜೊತೆಗೂ ಮಾತಿಲ್ಲ, ಹಾಸಿಗೆ ಬಿಟ್ಟು ಇಳಿಯುವುದಿಲ್ಲ. ನಡೆಯದಿದ್ದರೆ ಕಾಲು ಹಾಗೇ ಬಿದ್ದುಹೋಗುತ್ತದೆ ಅಂತ ಡಾಕ್ಟರು ಹೇಳಿ ಸೋತಿದ್ದರು. ನನ್ನದು ಆಗ ಇನ್ನೂ ಪ್ರೊಬೇಷನ್. ಅವರನ್ನು ನಡೆಸುವ ಕೆಲಸ ನನ್ನ ತಲೆಗೆ ಬಿತ್ತು.

ಒಂದು ದಿನ ಅವರನ್ನು ಎತ್ತಿ ಕೂರಿಸುವಾಗ ನನ್ನ ಬಾಯಿಂದ "ಅಯ್ಯೋ ದೇವ್ರೇ" ಅಂತ ಬಂತು.

ತಾತ ಕಣ್ಣು ಅರಳಿಸಿದರು. "ಅದೇನದು? ಇನ್ನೊಂದು ಸಲ ಹೇಳು."

"ಹೇಳ್ತೀನಿ. ಎದ್ದು ನಿಂತ್ರೆ."

ನಿಂತರು. ಅಲ್ಲಿಂದ ನಮ್ಮ ಒಪ್ಪಂದ ಶುರುವಾಯಿತು. ಸ್ವಲ್ಪ ನಡೆದರೆ ಒಂದು ಕನ್ನಡದ ಮಾತು. ಬಾಗಿಲ ತನಕ ಹೋದರೆ 'ಬೇಡ', ಕಿಟಕಿಯ ತನಕ ಹೋದರೆ 'ಸಾಕು', ಕಾರಿಡಾರಿನ ಕೊನೆ ಮುಟ್ಟಿದ ದಿನ 'ಬಾ ಅಮ್ಮಣ್ಣೀ, ಊಟ ಆಯ್ತಾ'. ನಾನು ಫೋನಿನಲ್ಲಿ ತಮ್ಮನ ಜೊತೆ ಮಾತಾಡುವುದನ್ನು ಕೇಳಿ, 'ಏನ್ಲಾ', 'ಹೋಗ್ಲಾ' ಅನ್ನುವುದನ್ನು ನಡೆಯದೆಯೇ ಪುಕ್ಕಟೆ ಕಲಿತುಕೊಂಡರು.

ನನಗೆ ರಜೆ ಇದ್ದ ದಿನ ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದೆ. ವಾರ್ಡಿನ ಹಿರಿಯ ನರ್ಸ್ ಫೋನ್ ಮಾಡಿದರು.

"ನಿನ್ನ ತಾತನ ಮಾತು ಬೆಳಿಗ್ಗೆಯಿಂದ ಒಂದೂ ಅರ್ಥ ಆಗ್ತಿಲ್ಲ. ಹೊಸ ಡಾಕ್ಟರು ಲಕ್ವ ಅಂತಿದ್ದಾರೆ. ತಲೆ ಸ್ಕ್ಯಾನಿಗೆ ಕರ್ಕೊಂಡು ಹೋಗಿದ್ದಾರೆ. ನಿನ್ನೆ ನೀನೇ ಇದ್ದೆಯಲ್ಲ, ಏನೂ ಗೊತ್ತಾಗಲಿಲ್ವಾ?"

ಇಷ್ಟು ದಿನ ಕೈ ಹಿಡಿದು ನಡೆಸಿದ ಮನುಷ್ಯ! ಸೋಪಿನ ಕೈ ಒರೆಸಿಕೊಂಡು, ಮನೆಯ ಚಪ್ಪಲಿಯಲ್ಲೇ ಆಸ್ಪತ್ರೆಗೆ ಓಡಿದೆ.

ಸ್ಕ್ಯಾನ್ ಕೋಣೆಯ ಹೊರಗೆ ಟ್ರಾಲಿಯ ಮೇಲೆ ತಾತ. ಸುತ್ತಲೂ ಬಿಳಿ ಕೋಟುಗಳು. ಹೊಸ ಡಾಕ್ಟರು ಬಗ್ಗಿ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಕೇಳುತ್ತಿದ್ದರು.

"ನಿಮ್ಮ ಹೆಸರೇನು?"

"ಏನ್ಲಾ?"

"ಎಡಗೈ ಎತ್ತಿ."

"ಬೇಡ."

"ಸರಿ, ಒಂದು ಸಲ ನಗಿ, ನೋಡೋಣ."

"ಸಾಕು, ಹೋಗ್ಲಾ."

ಹೊಸ ಡಾಕ್ಟರು ಹಣೆ ಒರೆಸಿಕೊಂಡು ದೊಡ್ಡ ಡಾಕ್ಟರಿಗೆ ಹೇಳಿದರು: "ಸ್ಕ್ಯಾನಿನಲ್ಲಿ ಏನೂ ಇಲ್ಲ ಸಾರ್. ಆದರೆ ಅರ್ಥವಿಲ್ಲದ ಅವೇ ಶಬ್ದ ತಿರುಗಿ ತಿರುಗಿ ಬರ್ತಿವೆ."

ಅಷ್ಟರಲ್ಲಿ ತಾತ ನನ್ನನ್ನು ಕಂಡರು. ಮುಖ ಅರಳಿತು. "ಬಾ ಅಮ್ಮಣ್ಣೀ! ಊಟ ಆಯ್ತಾ?"

ಎಷ್ಟೋ ದಿನವಾಗಿತ್ತು, ಎದುರಿಗೆ ನಿಂತು ಯಾರಾದರೂ ನನ್ನನ್ನು ಹೀಗೆ ಕೇಳಿ. ಇರುವುದು ಎಲ್ಲಿ ಅನ್ನುವುದೇ ಮರೆತು, "ಇನ್ನೂ ಇಲ್ಲ ತಾತಾ, ನಿಮ್ದು?" ಅಂದುಬಿಟ್ಟೆ.

"ಸಾಕು ಸಾಕು!" ಅಂತ ತಾತ ಹೊಟ್ಟೆ ಸವರಿಕೊಂಡರು.

ಕಾಯಿಲೆ ನನಗೂ ತಗಲಿತೇನೋ ಅನ್ನುವ ಹಾಗೆ ಹೊಸ ಡಾಕ್ಟರು ಒಂದು ಹೆಜ್ಜೆ ಹಿಂದಕ್ಕೆ ಸರಿದರು.

ಅಳು, ನಗು ಎರಡೂ ಬಂದು, ನಡೆದದ್ದೆಲ್ಲ ಹೇಳಿದೆ. ಆಮೇಲೆ ತಾತನಿಗೆ ಜರ್ಮನ್‌ನಲ್ಲೇ ಗದರಿದೆ: "ನಿಮ್ಮ ಭಾಷೇಲಿ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ! ಯಾಕೆ ಹೀಗೆ ಮಾಡಿದ್ರಿ?"

ತಾತ ಅಚ್ಚ ಜರ್ಮನ್‌ನಲ್ಲಿ, ಬಹಳ ನೊಂದ ದನಿಯಲ್ಲಿ ಹೇಳಿದರು: "ನೀನೇ ತಾನೇ ಹೇಳಿದ್ದು? ಎದ್ದಾಗಿನಿಂದ ಅದರಲ್ಲೇ ಮಾತಾಡಿದರೆ ಭಾಷೆ ಬೇಗ ಬರುತ್ತೆ ಅಂತ. ಅಭ್ಯಾಸ ಮಾಡ್ತಿದ್ದೆ."

ದೊಡ್ಡ ಡಾಕ್ಟರು ನನ್ನ ಕಡೆ ತಿರುಗಿದರು. ನನ್ನ ಕೆಲಸ ಹೋಯಿತು ಅಂದುಕೊಂಡೆ.

"ಇವರು ಹೇಳಿದ್ದೆಲ್ಲ ಪ್ರಶ್ನೆಗೆ ತಕ್ಕ ಉತ್ತರವೇನಾ?"

"ಹೌದು ಸಾರ್. ಉತ್ತರ ಸರಿ. ಮರ್ಯಾದೆ ಮಾತ್ರ ಸಾಲದು."

ಅವರು ತಲೆಯಾಡಿಸಿ, ಹೊಸ ಡಾಕ್ಟರ ಕೈಯಿಂದ ಕೇಸ್ ಶೀಟ್ ಇಸಿದುಕೊಂಡು, 'ಲಕ್ವ' ಅಂತ ಬರೆದಿದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ರೋಗದ ಹೆಸರು ತಿದ್ದಿ ಬರೆದರು:

"ಕನ್ನಡ."